ಮೋಟರುದೋಣಿಯಲ್ಲಿ ಎಂಜಿನ್ ಶಕ್ತಿ ಕುಂದುವಿಕೆ: ಹಳೆಯ ವಿಹಾರದೋಣಿಗಳ ದೋಷಪತ್ತೆ

ವಿಹಾರಕ್ಕೆ, ಹವ್ಯಾಸಿ ಮೀನುಗಾರಿಕೆಗೆ, ನೀರಿನ ಮೇಲಿನ ಸ್ಕೀಯಿಂಗಿಗೆ ಬಳಸುವ ಸಣ್ಣ ಮೋಟರುದೋಣಿಯಲ್ಲಿ ಎಂಜಿನ್ ಚಾಲೂ ಆಗಿ ಓಡುತ್ತಿದ್ದರೂ ದೋಣಿ ತನ್ನ ಎಂದಿನ ವೇಗ ಮುಟ್ಟದ ಸ್ಥಿತಿಗೆ ಶಕ್ತಿ ಕುಂದುವಿಕೆ ಎನ್ನುತ್ತಾರೆ. ಬೈಕಿನವರ ಬಾಯಲ್ಲಿ ‘ಪಿಕಪ್ ಇಲ್ಲ’ ಎನ್ನುವ ದೂರು ಇದೇ. ಎಂಜಿನ್ ಚಾಲೂ ಆಗದಿದ್ದರೆ ದೋಷ ಹುಡುಕುವುದು ಒಂದು ಲೆಕ್ಕಕ್ಕೆ ಸುಲಭ; ಕಿಡಿಯೋ ಇಂಧನವೋ ಇಲ್ಲವೆಂದು ಅರ್ಥ. ಓಡುತ್ತಲೇ ಸೊರಗುವ ಎಂಜಿನ್ ಹಾಗಲ್ಲ. ದೋಷ ಟ್ಯಾಂಕಿನಿಂದ ಹಿಡಿದು ಪ್ರೊಪೆಲ್ಲರಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಎಷ್ಟೋ ಸಲ ಎಂಜಿನ್ನಿನಲ್ಲಿ ಇರುವುದೇ ಇಲ್ಲ.

ಕೈಬದಲಾದ ದೋಣಿಯಲ್ಲಿ ತೊಡಕು ಇನ್ನೂ ಹೆಚ್ಚು. ದೋಣಿ ಹೊಸದಾಗಿದ್ದಾಗ ಎಷ್ಟು ವೇಗ ಓಡುತ್ತಿತ್ತು, ಯಾವ ಪ್ರೊಪೆಲ್ಲರು ಇತ್ತು, ಎಷ್ಟು ಚಳಿಗಾಲ ಪೆಟ್ರೋಲು ಟ್ಯಾಂಕಿನಲ್ಲೇ ಕೂತಿತ್ತು ಎಂಬುದು ಕೊಂಡವನಿಗೆ ಗೊತ್ತಿರುವುದಿಲ್ಲ. ಹೀಗಾಗಿ ‘ಮೊದಲಿನಂತಿಲ್ಲ’ ಎನ್ನುವುದಕ್ಕೆ ಆ ‘ಮೊದಲು’ ಯಾವುದೆಂಬುದನ್ನೇ ಮೊದಲು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ನೀರಿನ ಮೇಲಿನ ಲೆಕ್ಕ

ಕಾರಿನ ಎಂಜಿನ್ ಐದನೇ ಒಂದು ಭಾಗ ಶಕ್ತಿ ಕಳೆದುಕೊಂಡರೆ ಸಪಾಟು ರಸ್ತೆಯಲ್ಲಿ ಓಡಿಸುವವನಿಗೆ ಅದು ಗೊತ್ತಾಗದೆಯೂ ಹೋದೀತು. ದೋಣಿಯಲ್ಲಿ ಹಾಗೆ ಆಗುವುದಿಲ್ಲ. ಮೋಟರುದೋಣಿ ನಿಧಾನವಾಗಿ ಹೋಗುವಾಗ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಏರಿದಾಗ ಮೂತಿ ಎತ್ತಿ, ಒಂದು ದಿಬ್ಬ ಹತ್ತಿದಂತೆ ಹೆಣಗಾಡಿ, ನೀರಿನ ಮೇಲಕ್ಕೆ ಎದ್ದು ಜಾರತೊಡಗುತ್ತದೆ. ಈ ಜಾರುವ ಸ್ಥಿತಿಗೆ ಪ್ಲೇನಿಂಗ್ ಎಂದು ಹೆಸರು. ನೀರಿಗೆ ತಾಗುವ ಉದ್ದ 16 ಅಡಿ ಇರುವ ದೋಣಿ ಸೀಳಿಕೊಂಡು ಹೋಗುವಾಗ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿ.ಮೀ. ಹತ್ತಿರ ತನ್ನದೇ ಅಲೆಯ ಗೋಡೆಗೆ ಎದುರಾಗುತ್ತದೆ. ಆ ದಿಬ್ಬ ದಾಟಿದರೆ 50, 60 ಕಿ.ಮೀ. ವೇಗವೂ ಸಲೀಸು, ದಾಟದಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟರೂ ದೋಣಿ ಹಿಂಭಾಗ ಕುಸಿದು, ನೊರೆ ಎಬ್ಬಿಸುತ್ತಾ ತೆವಳುತ್ತದೆ. ಶಕ್ತಿಯಲ್ಲಿ ಆದ ಸಣ್ಣ ನಷ್ಟ ವೇಗದಲ್ಲಿ ದೊಡ್ಡ ಕುಸಿತವಾಗಿ ಕಾಣುವುದು ಇದರಿಂದ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರು ಸತ್ತರೆ ವೇಗ ಮೂರನೇ ಒಂದರಷ್ಟು ಇಳಿಯುವುದಿಲ್ಲ, ನಾಲ್ಕೈದರಲ್ಲಿ ಒಂದು ಪಾಲಿಗೆ ಬಂದು ನಿಲ್ಲುವುದೂ ಉಂಟು.

ಇನ್ನೊಂದು ಲೆಕ್ಕ ಪ್ರೊಪೆಲ್ಲರಿನದು. ಅದು ತಿರುಗಲು ಬೇಡುವ ಶಕ್ತಿ ಹೆಚ್ಚುಕಡಿಮೆ ಸುತ್ತುಗಳ ಘನದಂತೆ ಏರುತ್ತದೆ. ನಿಮಿಷಕ್ಕೆ 5,500 ಸುತ್ತು ಮುಟ್ಟುತ್ತಿದ್ದ ಎಂಜಿನ್ ಅದೇ ದೋಣಿಯಲ್ಲಿ, ಅದೇ ಪ್ರೊಪೆಲ್ಲರಿನೊಂದಿಗೆ 4,950ಕ್ಕೆ ನಿಂತರೆ ಕಡಿಮೆಯಾದದ್ದು ಸುತ್ತಿನಲ್ಲಿ ಶೇ. 10 ಮಾತ್ರ, ಶಕ್ತಿಯಲ್ಲಿ ಶೇ. 27. ಆರ್‌ಪಿಎಂ ಮಾಪಕದ ಮುಳ್ಳು ಬೆರಳಗಲ ಹಿಂದೆ ಸರಿದದ್ದನ್ನು ಹಗುರವಾಗಿ ಎಣಿಸಬಾರದು ಎಂಬುದಕ್ಕೆ ಈ ಲೆಕ್ಕ ಸಾಕು.

ಎಂಜಿನ್‌ಗಳ ಬಗೆ

ಹಳೆಯ ದೋಣಿಗಳ ಮಾರುಕಟ್ಟೆಯಲ್ಲಿ ಎರಡು ಬಗೆಯ ಎಂಜಿನ್‌ಗಳೇ ಹೆಚ್ಚು. ಹಿಂಬದಿಯ ಹಲಗೆಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡನ್ನು ವ್ಯಾಪಾರದ ಮಟ್ಟಕ್ಕೆ ತಂದವನು ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ, ನಾರ್ವೆ ಮೂಲದ ಓಲೆ ಎವಿನ್ರೂಡ್. 1909ರಲ್ಲಿ ಅವನ ಮೋಟರು ಮಾರಾಟಕ್ಕೆ ಬಂತು. ಕಾರಿನಂಥ ಎಂಜಿನ್ನನ್ನು ದೋಣಿಯ ಒಳಗಿಟ್ಟು, ಪ್ರೊಪೆಲ್ಲರಿರುವ ಕಾಲನ್ನು ಹೊರಗಿಡುವ ಸ್ಟರ್ನ್‌ಡ್ರೈವ್ 1959ರಲ್ಲಿ ವೋಲ್ವೊ ಪೆಂಟಾದ ಅಕ್ವಾಮ್ಯಾಟಿಕ್ ಆಗಿ ಬಂತು. ಎರಡು ವರ್ಷದಲ್ಲೇ ಮರ್‌ಕ್ರೂಸರ್ ಹಿಂಬಾಲಿಸಿತು. ಅಮೆರಿಕದ ಸರೋವರಗಳ ದಂಡೆಯಲ್ಲಿ ಇಂದು ಮಾರಾಟಕ್ಕೆ ನಿಂತಿರುವ 17, 18 ಅಡಿಯ ಹಳೆಯ ವಿಹಾರದೋಣಿಗಳಲ್ಲಿ ಮರ್‌ಕ್ರೂಸರಿನ 3.0 ಲೀಟರು ನಾಲ್ಕು ಸಿಲಿಂಡರಿನದು, 4.3 ಲೀಟರು ಆರು ಸಿಲಿಂಡರಿನದು ಧಾರಾಳವಾಗಿ ಸಿಗುತ್ತವೆ. ಎವಿನ್ರೂಡ್ ಮತ್ತು ಜಾನ್ಸನ್ ಹೆಸರಿನ ಔಟ್‌ಬೋರ್ಡುಗಳನ್ನು ತಯಾರಿಸುತ್ತಿದ್ದ ಓಎಂಸಿ ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಮುಂದೆ ಅದನ್ನು ಕೊಂಡವರು ಎವಿನ್ರೂಡ್ ತಯಾರಿಕೆಯನ್ನು 2020ರಲ್ಲಿ ನಿಲ್ಲಿಸಿದರು. ಹಳೆಯ ಎಂಜಿನ್ ಕೊಳ್ಳುವವನಿಗೆ ಇದು ಬರಿಯ ಚರಿತ್ರೆಯಲ್ಲ. ಬಿಡಿಭಾಗ ಸಿಕ್ಕೀತೇ, ಕೈಪಿಡಿ ಎಲ್ಲಿದೆ ಎಂಬ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಎರಡು ಅಂಕಿಗಳು

ಶಕ್ತಿ ಕುಂದಿದ ದೋಣಿಯನ್ನು ಪರೀಕ್ಷಿಸಲು ಹೊರಟವನು ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಅಂಕಿ ಬರೆದುಕೊಳ್ಳಬೇಕು: ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಎಷ್ಟು ಸುತ್ತು ಮುಟ್ಟುತ್ತದೆ, ಆಗ ದೋಣಿಯ ವೇಗ ಎಷ್ಟು. ಪ್ರತಿ ಎಂಜಿನ್ನಿಗೂ ಪೂರ್ತಿ ಥ್ರಾಟಲಿನ ಸುತ್ತುಗಳಿಗೆ ತಯಾರಕರು ಹೇಳಿದ ಮಿತಿಯಿದೆ. ಇಂದಿನ ಬಹುಪಾಲು ಔಟ್‌ಬೋರ್ಡುಗಳಿಗೆ ಅದು 5,000ದಿಂದ 6,000. ಮೇಲೆ ಹೇಳಿದ ಎರಡು ಮರ್‌ಕ್ರೂಸರುಗಳಲ್ಲಿ ಸಾಮಾನ್ಯವಾಗಿ 4,400ರಿಂದ 4,800.

ಸುತ್ತು ಪೂರ್ತಿ ಇದ್ದು, ಅಥವಾ ಮಿತಿಯನ್ನೂ ಮೀರಿದ್ದು, ವೇಗ ಮಾತ್ರ ಇಲ್ಲದಿದ್ದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ. ಶಕ್ತಿ ನೀರಿಗೆ ತಲುಪುತ್ತಿಲ್ಲ. ಸುತ್ತೂ ಕಡಿಮೆ, ವೇಗವೂ ಕಡಿಮೆ ಎಂದಾದರೆ ಎಂಜಿನ್ ದುರ್ಬಲವಾಗಿದೆ, ಇಲ್ಲವೇ ಹೊರೆ ಹೆಚ್ಚಾಗಿದೆ. ಇವೆರಡನ್ನು ಬೇರ್ಪಡಿಸಲೂ ಉಪಾಯವಿದೆ. 5,500 ಸುತ್ತಿನ ಔಟ್‌ಬೋರ್ಡ್, ಗೇರಿನ ಅನುಪಾತ ಎರಡಕ್ಕೆ ಒಂದು, ಪ್ರೊಪೆಲ್ಲರಿನ ಪಿಚ್ 17 ಇಂಚು ಎಂದಿಟ್ಟುಕೊಳ್ಳೋಣ. ಪ್ರೊಪೆಲ್ಲರು ನಿಮಿಷಕ್ಕೆ 2,750 ಸಲ ತಿರುಗುತ್ತದೆ. ಮರಕ್ಕೆ ಸ್ಕ್ರೂ ಹೊಕ್ಕಂತೆ ಸುತ್ತಿಗೆ 17 ಇಂಚು ಮುಂದೆ ಹೋದರೆ ಗಂಟೆಗೆ 71 ಕಿ.ಮೀ. ಆಗಬೇಕು. ನೀರು ಮರವಲ್ಲ, ಶೇ. 10ರಿಂದ 15ರಷ್ಟು ಜಾರಿಕೆ ಇದ್ದೇ ಇರುತ್ತದೆ, ಹಾಗಾಗಿ ನಿಜವಾದ ವೇಗ 60ರಿಂದ 64 ಕಿ.ಮೀ. ಸುತ್ತು ಕಡಿಮೆಯಿದ್ದರೂ ದೋಣಿ ಪ್ಲೇನಿಂಗ್ ಸ್ಥಿತಿಯಲ್ಲೇ ಇದ್ದು, ಪ್ರೊಪೆಲ್ಲರಿನ ಜಾರಿಕೆ ಈ ಅಳತೆಯಲ್ಲೇ ಇದ್ದರೆ ಅನುಮಾನ ಎಂಜಿನ್ನಿನ ಮೇಲೆ, ಇಲ್ಲವೇ ಅತಿಯಾದ ಪಿಚ್ಚಿನ ಮೇಲೆ. ಜಾರಿಕೆ ಶೇ. 25, 30ಕ್ಕೆ ಏರಿದ್ದರೆ ದೋಣಿಯನ್ನು ಏನೋ ಹಿಡಿದೆಳೆಯುತ್ತಿದೆ, ಅಥವಾ ಪ್ರೊಪೆಲ್ಲರಿಗೆ ನೀರಿನ ಹಿಡಿತ ಸಿಗುತ್ತಿಲ್ಲ. ಕಾಗದ, ಪೆನ್ಸಿಲ್ಲು, ಹತ್ತು ನಿಮಿಷ ಸಾಕು. ಇಷ್ಟನ್ನು ಮಾಡದೆ ಕಾರ್ಬುರೇಟರು ಬಿಚ್ಚುವವರೇ ಬಹಳ ಎಂಬುದು ಬೇಸರದ ಸಂಗತಿ.

ಅಂಕಿಗಳನ್ನು ಕೊಡುವ ಮಾಪಕಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಆರ್‌ಪಿಎಂ ಮಾಪಕದ ಬೆನ್ನಿಗೆ ಎಂಜಿನ್ನಿನ ಬಗೆಗೆ ತಕ್ಕಂತೆ ತಿರುಗಿಸಿಡುವ ಪುಟ್ಟ ಸ್ವಿಚ್ಚೊಂದಿರುತ್ತದೆ. ಯಾರೋ ಮಾಪಕ ಬದಲಿಸಿ ಸ್ವಿಚ್ಚನ್ನು ತಪ್ಪು ಮನೆಯಲ್ಲಿ ಬಿಟ್ಟಿದ್ದರೆ ಅಂಕಿಗಳೆಲ್ಲ ಸುಳ್ಳು. ದೋಣಿಯ ವೇಗಮಾಪಕ ನೀರಿನ ಒತ್ತಡದಿಂದ ನಡೆಯುವಂಥದ್ದಾದರೆ ಅದರ ತೂತಿನಲ್ಲಿ ಪಾಚಿ ಕೂತಿರುತ್ತದೆ. ವೇಗಕ್ಕೆ ಮೊಬೈಲಿನ ಜಿಪಿಎಸ್ ಹೆಚ್ಚು ನಂಬಿಕಸ್ಥ.

ಪ್ರೊಪೆಲ್ಲರು

ಪ್ರೊಪೆಲ್ಲರಿನ ನಡುವಿನ ಹಿತ್ತಾಳೆಯ ತೋಳು ಮತ್ತು ಹೊರಗಿನ ರೆಕ್ಕೆಗಳ ನಡುವೆ ಒತ್ತಿ ಕೂರಿಸಿದ ರಬ್ಬರಿನ ಗುಂಭ ಇರುತ್ತದೆ. ಕಲ್ಲಿಗೋ ಮರದ ಕೊರಡಿಗೋ ರೆಕ್ಕೆ ಬಡಿದಾಗ ಗೇರು ಮುರಿಯದಿರಲೆಂದು ಮಾಡಿದ ಏರ್ಪಾಡು. ವಯಸ್ಸಾದ ರಬ್ಬರು ಹಿಡಿತ ಬಿಟ್ಟು ಒಳಗೇ ಜಾರತೊಡಗುತ್ತದೆ. ನಿಧಾನವಾಗಿ ಹೋಗುವಾಗ ಎಲ್ಲ ಸರಿಯಿರುತ್ತದೆ. ಥ್ರಾಟಲ್ ಒತ್ತಿದೊಡನೆ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಕ್ಲಚ್ ಸವೆದ ಸ್ಕೂಟರಿನ ನಡತೆ ಇದೇ ಅಲ್ಲವೇ. ಪರೀಕ್ಷೆ ಸರಳ. ಪ್ರೊಪೆಲ್ಲರಿನ ಹಿಂತುದಿಯಲ್ಲಿ ಒಳಗಿನ ತೋಳಿನಿಂದ ಹೊರಗಿನ ಕೊಳವೆಯವರೆಗೆ ಮಾರ್ಕರ್ ಪೆನ್ನಿನಿಂದ ನೇರ ಗೆರೆ ಎಳೆದು, ನೀರಿಗಿಳಿಸಿ ಒಂದು ಸುತ್ತು ಜೋರಾಗಿ ಓಡಿಸಿ ಬಂದು ನೋಡಬೇಕು. ಗೆರೆ ಮುರಿದು ಒಂದು ತುಂಡು ಅತ್ತ, ಒಂದು ತುಂಡು ಇತ್ತ ಆಗಿದ್ದರೆ ದೋಷ ಸಿಕ್ಕಂತೆ. ಸ್ಟರ್ನ್‌ಡ್ರೈವಿನಲ್ಲಿ ಎಂಜಿನ್ನಿಗೂ ಕಾಲಿಗೂ ನಡುವಿನ ಕಪ್ಲರಿನ ರಬ್ಬರೂ ಹೀಗೆಯೇ ಕೈಕೊಡುತ್ತದೆ. ಅಲ್ಲಿ ಸುಟ್ಟ ರಬ್ಬರಿನ ವಾಸನೆ ಸುಳಿವು ಕೊಡುತ್ತದೆ.

ಪ್ರೊಪೆಲ್ಲರಿನ ಮೇಲೆ ಅಚ್ಚೊತ್ತಿದ ಎರಡು ಅಂಕಿಗಳಲ್ಲಿ ಒಂದು ವ್ಯಾಸ, ಇನ್ನೊಂದು ಪಿಚ್, ಎರಡೂ ಇಂಚುಗಳಲ್ಲಿ. ಪಿಚ್ ಒಂದು ಇಂಚು ಏರಿದರೆ ಪೂರ್ತಿ ಥ್ರಾಟಲಿನಲ್ಲಿ 150ರಿಂದ 200 ಸುತ್ತು ಇಳಿಯುತ್ತದೆ. ಹಿಂದಿನ ಮಾಲೀಕ ವೇಗದ ಆಸೆಗೆ ನಾಲ್ಕು ಇಂಚು ಹೆಚ್ಚಿನ ಪಿಚ್ ಹಾಕಿಸಿದ್ದರೆ, ಆರೋಗ್ಯವಂತ ಎಂಜಿನ್ ಕೂಡ ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದ ಲಾರಿಯಂತೆ ಏದುಸಿರು ಬಿಡುತ್ತದೆ. ಇದು ಮೈಗಳ್ಳತನವಲ್ಲ, ಮಿತಿಮೀರಿದ ಹೊರೆ. ಹೀಗೆಯೇ ಓಡಿಸುತ್ತಿದ್ದರೆ ಪಿಸ್ಟನ್ನಿಗೆ ಹಾನಿಯಾಗುತ್ತದೆ. ರೆಕ್ಕೆಯ ಅಂಚು ಮಡಚಿದ್ದರೂ ಮೊಂಡಾಗಿದ್ದರೂ ಹಿಡಿತ ತಪ್ಪುತ್ತದೆ. ಎಂಜಿನ್ನನ್ನು ಅತಿ ಎತ್ತರಕ್ಕೆ ಕೂರಿಸಿದ್ದರೆ, ಅಥವಾ ಕಾಲಿನ ಓರೆ, ಅಂದರೆ ಟ್ರಿಮ್, ಹೆಚ್ಚಾಗಿ ಅದು ಹೊರಕ್ಕೆ ಚಾಚಿದ್ದರೆ ಪ್ರೊಪೆಲ್ಲರು ಮೇಲಿನ ಗಾಳಿಯನ್ನು ಎಳೆದುಕೊಂಡು ನೊರೆಯಲ್ಲಿ ತಿರುಗುತ್ತದೆ.

ಒಡಲಿನ ಭಾರ

ಅಮೆರಿಕದ ನಿಯಮದಂತೆ 20 ಅಡಿಗಿಂತ ಚಿಕ್ಕ ವಿಹಾರದೋಣಿಗಳು ನೀರು ತುಂಬಿದರೂ ಪೂರ್ತಿ ಮುಳುಗಬಾರದು; ಅದಕ್ಕಾಗಿ ನೆಲದ ಹಲಗೆಯ ಕೆಳಗೆ ಫೋಮ್ ತುಂಬಿರುತ್ತಾರೆ. ವರ್ಷಗಟ್ಟಲೆ ಮಳೆ, ಒಡೆದ ಜೋಡಣೆ, ಕಟ್ಟಿಕೊಂಡ ಬಸಿಗಂಡಿ ಎಲ್ಲ ಸೇರಿ ಆ ಫೋಮು ಸ್ಪಂಜಿನಂತೆ ನೀರು ಕುಡಿಯುತ್ತದೆ. ಇನ್ನೂರು ಲೀಟರು ನೀರು ಎಂದರೆ ಇನ್ನೂರು ಕಿಲೋ. ಮೂವರು ಪ್ರಯಾಣಿಕರು ಯಾವಾಗಲೂ ನೆಲದಡಿ ಕೂತಂತೆ. ಎಂಜಿನ್ನಿಗೆ ಎಷ್ಟೇ ಹಣ ಸುರಿದರೂ ಈ ದೋಷ ಹೋಗುವುದಿಲ್ಲ. ಟ್ರೈಲರಿನ ಸಮೇತ ವೇಬ್ರಿಜ್ ಮೇಲೆ ನಿಲ್ಲಿಸಿ, ಟ್ರೈಲರಿನ ತೂಕ ಕಳೆದು, ತಯಾರಕರು ಹೇಳಿದ ತೂಕದೊಂದಿಗೆ ಹೋಲಿಸಿದರೆ ಸತ್ಯ ಹೊರಬೀಳುತ್ತದೆ. ನೆಲಕ್ಕೆ ಒಂದು ತೂತು ಕೊರೆದು ಫೋಮಿನ ಚೂರು ತೆಗೆದು ಹಿಂಡಿ ನೋಡುವುದು ಇನ್ನೊಂದು ದಾರಿ. ಫೋಮು ಒದ್ದೆಯಾಗಿದ್ದರೆ ಹಿಂಬದಿಯ ಹಲಗೆಯ ಮರವೂ ಕೊಳೆತಿರುವ ಸಂಭವ ಇದೆ. ಎಂಜಿನ್ ನೇತಾಡುವುದು ಅದರ ಮೇಲೆಯೇ.

ನೀರಿನಲ್ಲೇ ಕಟ್ಟಿಹಾಕಿದ ದೋಣಿಯ ತಳಕ್ಕೆ ಪಾಚಿ, ಉಪ್ಪುನೀರಾದರೆ ಬಾರ್ನಕಲ್ ಚಿಪ್ಪು ಹತ್ತಿ ದೋಣಿಯನ್ನು ಹಿಡಿದೆಳೆಯುತ್ತವೆ. ತಳ ಸವರಿ ನೋಡಿದರೆ ತಿಳಿಯುತ್ತದೆ.

ಇಂಧನ

ಸುತ್ತೇ ಏರುತ್ತಿಲ್ಲ, ಹೊರೆಯೂ ಹೆಚ್ಚಿಲ್ಲ ಎಂದು ಖಾತ್ರಿಯಾದ ಮೇಲೆ ಎಂಜಿನ್ನಿನತ್ತ ತಿರುಗಬೇಕು. ಅಲ್ಲಿಯೂ ಒಂದು ಸಣ್ಣ ಕೆಲಸ ಮೊದಲು: ಎಂಜಿನ್ ನಿಲ್ಲಿಸಿ, ಒಬ್ಬರು ಥ್ರಾಟಲ್ ಹಿಡಿಯನ್ನು ಪೂರ್ತಿ ತಳ್ಳಲಿ, ಇನ್ನೊಬ್ಬರು ಕಾರ್ಬುರೇಟರಿನ ಬಾಯಿಯ ತಟ್ಟೆ ಪೂರ್ತಿ ತೆರೆಯುತ್ತದೆಯೇ ಎಂದು ನೋಡಲಿ. ತುಕ್ಕು ಹಿಡಿದು ಬಿಗಿದ ಕೇಬಲ್ಲು ಮುಕ್ಕಾಲಿಗೇ ನಿಂತುಬಿಡುವುದುಂಟು.

ಹಳೆಯ ದೋಣಿಗಳ ದೌರ್ಬಲ್ಯಕ್ಕೆ ಅತಿ ಹೆಚ್ಚು ಸಲ ಕಾರಣವಾಗುವುದು ಇಂಧನದ ದಾರಿ. ಇಲ್ಲಿ ದೋಷ ಯಾವ ಹೊತ್ತಿಗೆ ಕಾಣಿಸುತ್ತದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಮೊದಲ ಒಂದೆರಡು ನಿಮಿಷ ಚೆನ್ನಾಗಿ ಎಳೆದು ಆಮೇಲೆ ಸೊರಗಿ, ತುಸು ನಿಧಾನಿಸಿದರೆ ಮತ್ತೆ ಚೇತರಿಸಿಕೊಳ್ಳುವ ಎಂಜಿನ್ನಿಗೆ ಹೊಟ್ಟೆಗೆ ಸಾಲುತ್ತಿಲ್ಲ. ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ಮುಗಿಯುವ ತನಕ ಓಡುತ್ತದೆ. ಬಟ್ಟಲು ತುಂಬುವ ವೇಗ ಖಾಲಿಯಾಗುವ ವೇಗಕ್ಕೆ ಸಮವಿಲ್ಲ. ಚಾಲೂ ಮಾಡಿದ ಗಳಿಗೆಯಿಂದಲೇ ಒರಟಾಗಿ, ಕುಂಟುತ್ತಾ ಓಡಿದರೆ ಒಂದು ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ಊಹಿಸಬಹುದು. ಅರ್ಧ ಗಂಟೆ ಓಡಿ ಬಿಸಿಯಾದ ಮೇಲಷ್ಟೇ ಕೈಕೊಟ್ಟರೆ ಕಿಡಿ ಹುಟ್ಟಿಸುವ ಕಾಯಿಲ್ಲು ಅಥವಾ ಇಗ್ನಿಷನ್ನಿನ ಎಲೆಕ್ಟ್ರಾನಿಕ್ ಭಾಗದ ಮೇಲೆ ಕಣ್ಣಿಡಬೇಕು.

ಟ್ಯಾಂಕಿನಿಂದ ಎಂಜಿನ್ನಿನವರೆಗಿನ ದಾರಿಯಲ್ಲಿ ಕಟ್ಟಿಕೊಳ್ಳುವ ಜಾಗಗಳು ಅನೇಕ. ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿಯಲ್ಲಿ ಕಣಜವೋ ಜೇಡವೋ ಗೂಡು ಕಟ್ಟಿದ್ದರೆ ಪೆಟ್ರೋಲು ಹೊರಹೋದಂತೆ ಟ್ಯಾಂಕಿನೊಳಗೆ ನಿರ್ವಾತ ಏರ್ಪಟ್ಟು ಹರಿವು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ ‘ಸ್ಸ್’ ಎಂದು ಗಾಳಿ ಒಳನುಗ್ಗಿ ಎಂಜಿನ್ ಚೇತರಿಸಿಕೊಂಡರೆ ಬೇರೆ ಸಾಕ್ಷಿ ಬೇಡ. ಟ್ಯಾಂಕಿನ ತಲೆಯ ಮೇಲೆ ಪೈಪು ಜೋಡಿಸುವಲ್ಲಿ, ಪೈಪು ಒಡೆದರೆ ಪೆಟ್ರೋಲು ತಾನಾಗಿ ದೋಣಿಯೊಳಗೆ ಹರಿಯದಂತೆ ತಡೆಯುವ ಗುಂಡು ಮತ್ತು ಸ್ಪ್ರಿಂಗಿನ ಪುಟ್ಟ ವಾಲ್ವು ಇದೆ. ಇದು ಅರ್ಧ ತೆರೆದು ಅಂಟಿಕೊಂಡರೆ ನಿಧಾನದ ಓಟಕ್ಕೆ ಸಾಕಷ್ಟು ಪೆಟ್ರೋಲು ಬರುತ್ತದೆ, ಜೋರಿನ ಓಟಕ್ಕೆ ಬರುವುದಿಲ್ಲ. ಇದು ಎಲ್ಲಿದೆ ಎಂದೇ ತಿಳಿಯದ ಮಾಲೀಕರು ಪಂಪು, ಕಾರ್ಬುರೇಟರು, ಫಿಲ್ಟರು ಎಲ್ಲ ಬದಲಿಸಿ ಕೊನೆಗೆ ಇಲ್ಲಿಗೆ ಬಂದು ತಲುಪುತ್ತಾರೆ. ಅದನ್ನು ಕಿತ್ತೆಸೆದು ಸಮಸ್ಯೆ ಬಗೆಹರಿಯಿತು ಎನ್ನುವವರೂ ಇದ್ದಾರೆ. ಅದು ಬೆಂಕಿಗೆ ಕೊಟ್ಟ ಆಹ್ವಾನ, ಹೊಸದನ್ನೇ ಹಾಕಬೇಕು.

ಔಟ್‌ಬೋರ್ಡಿನ ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಬುರುಡೆ ಇರುತ್ತದೆ. ದೋಣಿ ಸೊರಗಿದ ಹೊತ್ತಿನಲ್ಲೇ ಅದನ್ನು ನೋಡಬೇಕು. ಅದು ಒಣಗಿದ ಹುಣಿಸೆಹಣ್ಣಿನಂತೆ ಚಪ್ಪಟೆಯಾಗಿದ್ದರೆ ಅಡಚಣೆ ಟ್ಯಾಂಕಿನ ಕಡೆಗಿದೆ. ಚಪ್ಪಟೆಯಾಗಿರದೆ, ಕೈಯಿಂದ ಒತ್ತುತ್ತಾ ಹೋದಾಗ ಎಂಜಿನ್ ಮತ್ತೆ ಜೋರಾದರೆ ಪಂಪಿನ ಪೊರೆ ಸೋತಿದೆ, ಇಲ್ಲವೇ ದಾರಿಯಲ್ಲೆಲ್ಲೋ ಗಾಳಿ ಸೇರುತ್ತಿದೆ. ಒಂದು ಗೇಣು ಪಾರದರ್ಶಕ ಪೈಪು ಜೋಡಿಸಿದರೆ ಗುಳ್ಳೆಗಳು ಕಾಣುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಒಂದಿದೆ: ಶುಚಿಯಾದ ಪುಟ್ಟ ಟ್ಯಾಂಕಿನಲ್ಲಿ ಹೊಸ ಪೆಟ್ರೋಲು ತುಂಬಿ, ಹೊಸ ಪೈಪಿನಿಂದ ನೇರವಾಗಿ ಎಂಜಿನ್ನಿಗೆ ಕೊಡುವುದು. ಓಟ ಸರಿಹೋದರೆ ದೋಷ ದೋಣಿಯಲ್ಲಿ, ಸರಿಹೋಗದಿದ್ದರೆ ಎಂಜಿನ್ನಿನಲ್ಲಿ. ಒಂದೇ ಏಟಿಗೆ ಅರ್ಧದಷ್ಟು ಅನುಮಾನಗಳು ತೊಲಗುತ್ತವೆ.

ಇಂಧನವೇ ಕೆಟ್ಟಿರುವುದು ಇನ್ನೊಂದು ಕತೆ. ಅಮೆರಿಕದ ಬಂಕುಗಳಲ್ಲಿ ಸಿಗುವ ಬಹುಪಾಲು ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಇದೆ. ಎಥನಾಲ್ ನೀರಿನ ಸಂಗಾತಿ. ಇಂಥ ಪೆಟ್ರೋಲು ಬೆಚ್ಚಗಿರುವಾಗ ತನ್ನ ಗಾತ್ರದ ಶೇ. 0.5ರಷ್ಟು ನೀರನ್ನು ಕರಗಿಸಿಕೊಂಡಿರುತ್ತದೆ. ನೀರು ಅದಕ್ಕೂ ಹೆಚ್ಚಾದರೆ, ಅಥವಾ ರಾತ್ರಿ ಥಂಡಿ ಬಿದ್ದರೆ, ನೀರೂ ಎಥನಾಲೂ ಕೈಹಿಡಿದುಕೊಂಡು ತಳಕ್ಕೆ ಇಳಿಯುತ್ತವೆ. ಪೆಟ್ರೋಲು ಹೀರುವ ಕೊಳವೆಯ ಬಾಯಿ ಇರುವುದು ತಳದಲ್ಲೇ. ನೀರು ಬೇರ್ಪಡಿಸುವ ಫಿಲ್ಟರನ್ನು ಬಿಚ್ಚಿ ಅದರೊಳಗಿನದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಎಲ್ಲ ಕಣ್ಣಿಗೆ ಕಾಣುತ್ತದೆ: ಮೇಲೆ ಹೊಂಬಣ್ಣದ ಪೆಟ್ರೋಲು, ಕೆಳಗೆ ಬೇರೆ ಪದರ, ನಡುವೆ ಚೂರಿಯಿಂದ ಕೊಯ್ದಂತೆ ಒಂದು ಗೆರೆ, ತಳದಲ್ಲಿ ಕಂದು ಕಸ. ಹಳೆಯ ರಬ್ಬರ್ ಪೈಪುಗಳ ಒಳಪದರವೂ ಎಥನಾಲಿಗೆ ಸುಲಿದು ಚಕ್ಕೆಯಾಗಿ ಉದುರುತ್ತದೆ. ಹೊರಗಿನಿಂದ ಪೈಪು ಹೊಸದರಂತೆ ಕಾಣುತ್ತಿದ್ದರೂ ಒಳಗೆ ಪೊರೆ ಕಳಚಿ ದಾರಿ ಮುಚ್ಚಿರುತ್ತದೆ.

ಒಂದು ಚಳಿಗಾಲ ಕೂತ ಪೆಟ್ರೋಲು ಕಾರ್ಬುರೇಟರಿನ ಜೆಟ್‌ಗಳಲ್ಲಿ ವಾರ್ನಿಷಿನಂತೆ ಅಂಟುತ್ತದೆ. ಸಿಲಿಂಡರಿಗೊಂದು ಕಾರ್ಬುರೇಟರಿರುವ ಎರಡು ಸ್ಟ್ರೋಕಿನ ಔಟ್‌ಬೋರ್ಡಿನಲ್ಲಿ ಇದು ಶಕ್ತಿ ನಷ್ಟಕ್ಕೆ ನಿಲ್ಲುವುದಿಲ್ಲ. ಆ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಒಂದು ಜೆಟ್ ಅರ್ಧ ಕಟ್ಟಿದರೆ ಆ ಸಿಲಿಂಡರಿಗೆ ಇಂಧನವೂ ಕಡಿಮೆ, ಎಣ್ಣೆಯೂ ಕಡಿಮೆ. ಅದನ್ನು ಲೆಕ್ಕಿಸದೆ ಜೋರಾಗಿ ಓಡಿಸಿದರೆ ಪಿಸ್ಟನ್ನಿನ ತಲೆ ಕರಗುತ್ತದೆ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಒಳಗೆ ಅಡಗಿರುವ ಇನ್ನೊಂದು ಸಣ್ಣ ಫಿಲ್ಟರು ಮರೆತುಹೋಗುವುದೇ ಹೆಚ್ಚು.

ಕಿಡಿ

ಕಿಡಿ ಇದೆ ಎನ್ನುವುದು ಸಾಲದು, ಎಷ್ಟು ದೂರ ಹಾರುತ್ತದೆ ಎಂಬುದು ಮುಖ್ಯ. ಅಂತರ ಹೊಂದಿಸಬಲ್ಲ ಪರೀಕ್ಷಕದಲ್ಲಿ ನೋಡಿದರೆ ಸೊರಗಿದ ಕಾಯಿಲ್ಲು ಸಿಕ್ಕಿಬೀಳುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿಟ್ಟು ಬಣ್ಣ ಹೋಲಿಸುವುದು ಹಳೆಯ ಮೆಕ್ಯಾನಿಕ್‌ಗಳ ರೂಢಿ. ಎಲ್ಲವೂ ಕಂದು, ಒಂದು ಮಾತ್ರ ಒದ್ದೆ ಎಂದರೆ ಅಲ್ಲಿ ಬೆಂಕಿ ಹತ್ತುತ್ತಿಲ್ಲ. ಒಂದು ಮಾತ್ರ ಬೆಳ್ಳಗೆ ಸುಟ್ಟಿದೆ ಎಂದರೆ ಅಲ್ಲಿ ಪೆಟ್ರೋಲು ಸಾಲುತ್ತಿಲ್ಲ. ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛ ಎಂದರೆ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ಇಳಿಯುತ್ತಿರಬಹುದು.

ಮರ್‌ಕ್ರೂಸರಿನ ಆಲ್ಫಾ ಕಾಲಿನಲ್ಲಿ ಗೇರು ಬಿಡಿಸುವಾಗ ಕಿಡಿಯನ್ನು ಕ್ಷಣಕಾಲ ತಡೆಯುವ ಸ್ವಿಚ್ಚೊಂದಿದೆ. ಗೇರಿನ ಕೇಬಲ್ಲು ಬಿಗಿಯಾದರೆ ಆ ಸ್ವಿಚ್ಚು ಓಟದ ನಡುವೆಯೇ ಕೆಲಸಕ್ಕಿಳಿದು ಎಂಜಿನ್ ಮುಗ್ಗರಿಸುತ್ತದೆ. ಕೇಬಲ್ಲಿನ ದೋಷವೊಂದು ಇಗ್ನಿಷನ್ ದೋಷದ ವೇಷ ಹಾಕಿಕೊಂಡು ಬರುವುದು ಹೀಗೆ.

ಕಂಪ್ರೆಷನ್

ಎಲ್ಲ ಪ್ಲಗ್ಗು ಬಿಚ್ಚಿ, ಕಿಡಿಯನ್ನು ತಡೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಒತ್ತಡದ ಮಾಪಕ ತೊಡಿಸಿ ಸ್ಟಾರ್ಟರ್ ತಿರುಗಿಸಬೇಕು. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇ. 10ರ ವ್ಯತ್ಯಾಸವನ್ನು ಒಪ್ಪಬಹುದು, 15 ದಾಟಿದರೆ ಚಿಂತೆ. 120, 118, 75 ಪಿಎಸ್‌ಐ ಎಂದು ಬಂದರೆ ಮೂರನೆಯ ಸಿಲಿಂಡರಿನ ಕತೆ ಮುಗಿದಿದೆ; ಕಾರ್ಬುರೇಟರು ತೊಳೆದು ಪ್ರಯೋಜನವಿಲ್ಲ. ಈ ಪರೀಕ್ಷೆ ಮೊದಲೋ ಕೊನೆಯೋ ಎಂಬುದರಲ್ಲಿ ಮೆಕ್ಯಾನಿಕ್‌ಗಳಲ್ಲೇ ಭಿನ್ನಾಭಿಪ್ರಾಯ ಇದೆ. ದೋಣಿ ಕೊಳ್ಳುವ ಮೊದಲಾದರೆ ಇದೇ ಮೊದಲ ಪರೀಕ್ಷೆಯಾಗಬೇಕು, ಇದಕ್ಕೆ ಒಪ್ಪದ ಮಾರಾಟಗಾರನ ದೋಣಿಯನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಬಿಸಿ, ಹೊಗೆ ಮತ್ತು ಎಂಜಿನ್ನಿನ ಸ್ವರಕ್ಷಣೆ

ನೀರಿನಿಂದ ತಣಿಯುವ ಎಂಜಿನ್ನಿನ ಕಾಲಿನಲ್ಲಿ ರಬ್ಬರ್ ರೆಕ್ಕೆಗಳ ಇಂಪೆಲ್ಲರು ಹೊರಗಿನ ನೀರನ್ನು ಮೇಲಕ್ಕೆತ್ತುತ್ತದೆ. ಎರಡು ಮೂರು ವರ್ಷಕ್ಕೆ ಅದನ್ನು ಬದಲಿಸುವುದು ವಾಡಿಕೆ. ರೆಕ್ಕೆ ಮುರಿದರೆ ಎಂಜಿನ್ ಕಾಯುತ್ತದೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ 1988ರಲ್ಲಿ ಕಾಣಿಸಿಕೊಂಡ ಜೀಬ್ರಾ ಚಿಪ್ಪುಮೃದ್ವಂಗಿಗಳು ನೀರಿನ ಕಿಂಡಿಯಲ್ಲೇ ಮನೆಮಾಡಿಕೊಂಡು ಇದೇ ತೊಂದರೆ ಕೊಡುತ್ತವೆ. ಹೊಸ ಎಂಜಿನ್‌ಗಳು ಬಿಸಿ ಏರಿದಾಗ, ಎಣ್ಣೆ ಇಳಿದಾಗ, ಸೆನ್ಸರ್ ಕೆಟ್ಟಾಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ಸುತ್ತು ತಗ್ಗಿಸಿಕೊಳ್ಳುತ್ತವೆ. ಎಂಜಿನ್ ಒಂದು ಅಂಕಿಗೆ ಏರಿ ಅಲ್ಲೇ ನುಣ್ಣಗೆ, ಮುಗ್ಗರಿಸದೆ ನಿಂತುಬಿಟ್ಟರೆ ಈ ಸ್ವರಕ್ಷಣೆಯನ್ನು ನೆನೆಯಬೇಕು. ಜೊತೆಗೆ ಪೀಪಿ ಊದಿ ಎಚ್ಚರಿಸುವ ಏರ್ಪಾಡೂ ಇದೆ. ಆದರೆ ಕೈಬದಲಾದ ದೋಣಿಯಲ್ಲಿ ಆ ಪೀಪಿಯ ತಂತಿಯನ್ನು ಹಿಂದಿನವರು ಕಿರಿಕಿರಿಯೆಂದು ಕಿತ್ತಿರುವುದು ವಿರಳವಲ್ಲ. ಕೀಲಿ ತಿರುಗಿಸಿದಾಗ ಒಮ್ಮೆ ಕೂಗಬೇಕಾದ ಮಾದರಿ ಕೂಗದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಸ್ಟರ್ನ್‌ಡ್ರೈವಿನ ಹೊಗೆಯ ಕೊಳವೆಯಲ್ಲಿ ನೀರು ಹಿಂದಕ್ಕೆ ನುಗ್ಗದಂತೆ ರಬ್ಬರಿನ ಕದಗಳಿರುತ್ತವೆ. ಎಂಜಿನ್ ಒಮ್ಮೆ ವಿಪರೀತ ಕಾದರೆ ಅವು ಸುಟ್ಟು ಕಳಚಿ ಕೊಳವೆಗೆ ಅಡ್ಡ ಬೀಳುತ್ತವೆ. ಹೊಗೆ ಹೊರಹೋಗದ ಎಂಜಿನ್ ಉಸಿರುಕಟ್ಟಿದ ಓಟಗಾರನಂತೆ. ಪೆಟ್ರೋಲು, ಕಿಡಿ, ಕಂಪ್ರೆಷನ್ ಎಲ್ಲ ಸರಿಯಿದ್ದೂ ಎಳೆಯುವುದಿಲ್ಲ.

ಎತ್ತರ

ಸಮುದ್ರಮಟ್ಟದಿಂದ ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯ ಮತ್ತು ನೆವಾಡದ ಗಡಿಯ ಟಾಹೋ ಸರೋವರ 6,200 ಅಡಿಗೂ ಎತ್ತರದಲ್ಲಿದೆ. ಕರಾವಳಿಯಲ್ಲಿ ಚೆನ್ನಾಗಿದ್ದ ದೋಣಿಯನ್ನು ಅಲ್ಲಿಗೆ ಒಯ್ದವನು ಐದನೇ ಒಂದು ಭಾಗದಷ್ಟು ಶಕ್ತಿಯನ್ನು ಬೆಟ್ಟದ ಕೆಳಗೇ ಬಿಟ್ಟು ಬಂದಿರುತ್ತಾನೆ. ಇದು ದೋಷವಲ್ಲ, ಪಿಚ್ ಕಡಿಮೆಯ ಪ್ರೊಪೆಲ್ಲರು ಹಾಕಿದರೆ ಸುತ್ತು ಮರಳುತ್ತದೆ. ನಮ್ಮ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ ಎಂಬುದು ಮಳೆಗಾಲದ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. ಅಲ್ಲಿಯ ಹಿನ್ನೀರಿನ ಸಫಾರಿ ದೋಣಿಗಳಿಗೂ ಇದೇ ಲೆಕ್ಕ ಅನ್ವಯ, ಶೇ. 7ರ ಆಸುಪಾಸು.

ಪರೀಕ್ಷೆಯ ವೇಳೆ ಎಚ್ಚರ

ಒಳಗೆ ಎಂಜಿನ್ ಇರುವ ಪೆಟ್ರೋಲು ದೋಣಿಯಲ್ಲಿ ಚಾಲೂ ಮಾಡುವ ಮುನ್ನ ಆವಿ ಹೊರದಬ್ಬುವ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಇದೇ ಕಾರಣಕ್ಕೆ ಆಲ್ಟರ್ನೇಟರು, ಸ್ಟಾರ್ಟರುಗಳಿಗೆ ನೋಡಲು ಒಂದೇ ರೀತಿಯ, ಅಗ್ಗದ ಕಾರಿನ ಭಾಗ ಹಾಕಬಾರದು. ದೋಣಿಯವು ಕಿಡಿ ಹೊರಚಿಮ್ಮದಂತೆ ಮುಚ್ಚಿರುತ್ತವೆ. ಅಂಗಳದಲ್ಲಿ ಪೈಪಿನ ನೀರು ಕೊಟ್ಟು ಓಡಿಸುವಾಗ ಪೂರ್ತಿ ಥ್ರಾಟಲ್ ಸಲ್ಲದು: ಪ್ರೊಪೆಲ್ಲರಿಗೆ ಹೊರೆಯಿಲ್ಲದ ಎಂಜಿನ್ ಮಿತಿ ಮೀರಿ ತಿರುಗಿ ಒಡೆದುಹೋದೀತು. ಶಕ್ತಿಯ ನಿಜವಾದ ಪರೀಕ್ಷೆ ನೀರಿನಲ್ಲಿ, ಇಬ್ಬರಿದ್ದಾಗ, ಚಾಲಕನ ಮೈಗೆ ಎಂಜಿನ್ ನಿಲ್ಲಿಸುವ ದಾರ ಕಟ್ಟಿರುವಾಗ ಮಾತ್ರ. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ದಾರದ ಬಳಕೆಯನ್ನು ಅಮೆರಿಕ 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿದೆ.

ಭಾರತದಲ್ಲಿ

ಕರ್ನಾಟಕದ ಕರಾವಳಿಯಲ್ಲಿ ಔಟ್‌ಬೋರ್ಡ್ ವಿಹಾರಕ್ಕಿಂತ ಹೊಟ್ಟೆಪಾಡಿನ ಯಂತ್ರ. ನಾಡದೋಣಿಗಳ ಹಿಂದೆ ಕಾಣುವ ಸೀಮೆಎಣ್ಣೆಯ ಎಂಜಿನ್ನು ಪೆಟ್ರೋಲಿನಲ್ಲಿ ಚಾಲೂ ಆಗಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತದೆ. ಅದರಲ್ಲಿ ಇಂಗಾಲ ಕಟ್ಟುವುದು ಹೆಚ್ಚು, ಪ್ಲಗ್ಗು ಬೇಗ ಕಪ್ಪಾಗುತ್ತದೆ. ಪ್ರೊಪೆಲ್ಲರಿಗೆ ಅಲ್ಲಿ ‘ಫ್ಯಾನ್’ ಎಂದೇ ಹೆಸರು, ಅದಕ್ಕೆ ಸುತ್ತಿಕೊಂಡ ಬಲೆಯ ತುಂಡು ಶಕ್ತಿ ಕುಂದಲು ಅಲ್ಲಿಯದೇ ಆದ ಕಾರಣ. ಪೆಟ್ರೋಲಿನ ವಿಷಯಕ್ಕೆ ಬಂದರೆ, ದೇಶದ ಬಂಕುಗಳಲ್ಲಿ ಈಗ ಸಾಮಾನ್ಯವಾಗಿರುವುದು ಶೇ. 20 ಎಥನಾಲ್ ಬೆರೆತದ್ದು. ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇ. 10ರವರೆಗೆ. ಹಳೆಯ ಔಟ್‌ಬೋರ್ಡ್ ಇಟ್ಟುಕೊಂಡವರು ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡದೆ, ರಬ್ಬರ್ ಪೈಪುಗಳನ್ನು ಬದಲಿಸಿ, ನೀರು ಬೇರ್ಪಡಿಸುವ ಫಿಲ್ಟರನ್ನು ಹಾಕಿಸಿಕೊಳ್ಳಿ. ಪ್ರೊಪೆಲ್ಲರಿನ ಮೇಲಿನ ಎರಡು ಅಂಕಿಗಳನ್ನೂ, ಪೂರ್ತಿ ಥ್ರಾಟಲಿನ ಸುತ್ತು ಮತ್ತು ವೇಗವನ್ನೂ, ದೋಣಿ ಚೆನ್ನಾಗಿ ಓಡುತ್ತಿರುವ ದಿನವೇ ಒಂದು ಚೀಟಿಯಲ್ಲಿ ಬರೆದಿಡಿ.